ಕೊಟ್ಟ ಮಾತಿನ ಆಸರೆ

ಮಕ್ಕಳ ಆಟವನ್ನು ಹಿರಿಯರು ಹೊರಗೆ ನಿಂತು ನೋಡುವುದೇ ವಾಡಿಕೆ. ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟ ಮಾತ್ರ ನಮ್ಮನ್ನು ಒಳಕ್ಕೆ ಕರೆಯಿತು. ಬ್ಲಾಕುಗಳನ್ನು ಜೋಡಿಸಿ ಮನೆ, ಕೋಟೆ, ಹೊಲಗಳನ್ನು ನಿರ್ಮಿಸುವ ಈ ಆಟ ಸ್ವೀಡನ್ ದೇಶದಲ್ಲಿ ಹುಟ್ಟಿ, 2009ರಲ್ಲಿ ಜನರ ಕೈ ಸೇರಿತು. ಬೇರೆ ಬೇರೆ ಊರುಗಳಲ್ಲಿರುವ ನಮ್ಮ ಬಂಧುಗಳ ಮಕ್ಕಳು ಒಂದೇ ಸರ್ವರಿನಲ್ಲಿ ಕೂಡಿ ಆಡುತ್ತಾರೆ. ಈಗ ಪರರ ಪಾಲಾಗಿರುವ ನಮ್ಮ ಅಜ್ಜನ ಪಡಸಾಲೆಯ ಮನೆಯನ್ನು ಅವರು ಹಿರಿಯರಿಂದ ಕೇಳಿ ಕೇಳಿ ಅಲ್ಲಿ ಕಟ್ಟಿದ್ದರು. ಆಟದ ಭರದಲ್ಲಿ ಯಾರೋ ಅದರ ಗೋಡೆ ಕೆಡವಿದಾಗ ಮಕ್ಕಳು ಅತ್ತರು. ಆಗ ನಾವು ಜಾವಾ ಭಾಷೆಯಲ್ಲಿ ಚಿಕ್ಕದೊಂದು ಪ್ಲಗಿನ್ ಬರೆದೆವು.

ಸರ್ವರಿನ ಮೂಲ ತಂತ್ರಾಂಶವನ್ನು ತಿದ್ದದೆ ಅದಕ್ಕೆ ಹೊಸ ಗುಣವನ್ನು ಸೇರಿಸುವ ಬಿಡಿ ತಂತ್ರಾಂಶವೇ ಪ್ಲಗಿನ್. ಇವೆರಡರ ನಡುವಣ ಒಪ್ಪಂದಕ್ಕೆ ಎ.ಪಿ.ಐ. ಎಂದು ಹೆಸರು. ಯಾರಾದರೂ ಬ್ಲಾಕೊಂದನ್ನು ಒಡೆಯಹೊರಟರೆ ಸರ್ವರು ಪ್ಲಗಿನ್ನಿಗೆ ಸುದ್ದಿ ಮುಟ್ಟಿಸುತ್ತದೆ. ಮನೆ ಅವರದಲ್ಲವಾದರೆ ಪ್ಲಗಿನ್ ಆ ಕ್ರಿಯೆಯನ್ನು ರದ್ದುಗೊಳಿಸುತ್ತದೆ, ಗೋಡೆ ಉಳಿಯುತ್ತದೆ. ಆದರೆ ಉತ್ತರ ತಡವಾಗಬಾರದು. ಸರ್ವರು ತನ್ನ ಲೋಕವನ್ನು ಸೆಕೆಂಡಿಗೆ 20 ಸಲ ಮುನ್ನಡೆಸುತ್ತದೆ. ಒಂದು ಹೆಜ್ಜೆಗೆ ಸಿಗುವುದು 50 ಮಿಲಿಸೆಕೆಂಡು. ಒಂದು ಪ್ಲಗಿನ್ ಅದನ್ನೆಲ್ಲ ತಾನೇ ನುಂಗಿದರೆ ಆಡುವವರೆಲ್ಲರೂ ಕಾಯಬೇಕು. ಆದುದರಿಂದ ಮನೆಗಳ ಪಟ್ಟಿಯನ್ನು ನೆನಪಿನ ಕೋಶದಲ್ಲಿಯೇ ಇಟ್ಟು, ಡಿಸ್ಕಿಗೆ ಬರೆಯುವ ನಿಧಾನದ ಕೆಲಸವನ್ನು ಬೇರೆ ಎಳೆಗೆ ಒಪ್ಪಿಸಿದೆವು.

ಒಪ್ಪಂದವನ್ನು ಬದಿಗಿರಿಸಿ ಸರ್ವರಿನ ಒಳರಚನೆಗೇ ಕೈಹಾಕುವ ಅಡ್ಡದಾರಿಯೂ ಉಂಟು. ಆದರೆ ಆಟದ ಆವೃತ್ತಿ ಬದಲಾದಂತೆ ಒಳರಚನೆಯೂ ಬದಲಾಗುತ್ತದೆ; ಅದನ್ನು ನೆಚ್ಚಿದ ಪ್ಲಗಿನ್ ಕೆಟ್ಟು ನಿಲ್ಲುತ್ತದೆ. ಒಪ್ಪಂದದ ಬಲವೇನೆಂಬುದಕ್ಕೆ ಒಂದು ನಿದರ್ಶನವಿದೆ. ಈ ಎ.ಪಿ.ಐ.ಯನ್ನು ರೂಪಿಸಿದ ಬಕ್ಕಿಟ್ ಯೋಜನೆ 2010ರ ಕೊನೆಯಲ್ಲಿ ಆರಂಭವಾಯಿತು. 2014ರ ಸೆಪ್ಟೆಂಬರಿನಲ್ಲಿ, ಅದಕ್ಕಾಗಿ ದುಡಿದವರೊಬ್ಬರು ಪರವಾನಗಿಯ ಪ್ರಶ್ನೆಯೆತ್ತಿ ಕೃತಿಸ್ವಾಮ್ಯದ ನೋಟೀಸು ನೀಡಿದರು. ಆ ಸರ್ವರಿನ ಹಂಚಿಕೆಯೇ ನಿಂತಿತು. ಆದರೂ ಸ್ಪಿಗಾಟ್, ಅದರಿಂದ ಕವಲೊಡೆದ ಪೇಪರ್ ಎಂಬ ಸರ್ವರುಗಳು ಅದೇ ಒಪ್ಪಂದವನ್ನು ಉಳಿಸಿಕೊಂಡು ಬಂದವು. ಒಪ್ಪಂದವನ್ನು ನಂಬಿ ಬರೆದ ಪ್ಲಗಿನ್ನುಗಳಿಗೆ ಹೀಗೆ ಹೊಸ ನೆಲೆ ದೊರೆಯಿತು.

ಒಬ್ಬರನ್ನೊಬ್ಬರು ಕಂಡರಿಯದ ಜನ ಕೊಟ್ಟ ಮಾತೊಂದರ ಮೇಲೆಯೇ ಇಷ್ಟನ್ನು ಕಟ್ಟಿದ್ದಾರೆ. ಜಾವಾ ಕಲಿಯುತ್ತಿರುವ ಮಕ್ಕಳು ಮನೆಯಲ್ಲಿದ್ದರೆ, ಇಂತಹ ಕಿರು ಪ್ಲಗಿನ್ನೊಂದನ್ನು ಬರೆಯಲು ಹಿರಿಯರು ಪ್ರೋತ್ಸಾಹಿಸಬೇಕು. ಭಾಷೆಯ ಜೊತೆಗೆ, ಹಲವರು ಕೂಡಿರುವ ಕಡೆ ತನ್ನ ಪಾಲಿನ ಹೊತ್ತಿನಲ್ಲಿ ಕೆಲಸ ಮುಗಿಸಿ ಇತರರಿಗೆ ಎಡೆಗೊಡುವ ಶಿಸ್ತನ್ನೂ ಅವರು ಕಲಿಯುತ್ತಾರೆ.