ತೊಳೆದರೆ ಹೋಗದ ಕೊಳೆ

ಕೃಷ್ಣಾನದಿಯ ದಂಡೆಯಲ್ಲಿ ವಾಸಿಸುವ ಗೃಹಸ್ಥರಿಗೆ ನೀರಿಗಿಂತ ಮಿಗಿಲಾದ ಶೋಧಕವಸ್ತು ಬೇರೊಂದಿಲ್ಲ. ಶೌಚವಿಧಿಯಲ್ಲಿ ನೀರಿಗೂ ಮಣ್ಣಿಗೂ ಅಗ್ರಸ್ಥಾನವೆಂದು ಸಂಸ್ಕೃತ ಪಾಠ ಹೇಳುತ್ತ ನಾನೇ ಬಹುಕಾಲ ಹುಡುಗರಿಗೆ ಬೋಧಿಸಿರುವೆನು. ನಮ್ಮ ದೇವಸುಗೂರಿನ ಮನೆಗಳಲ್ಲಿ ನೆಲದ ಮೇಲೆ ಏನು ಚೆಲ್ಲಿದರೂ ಒಂದು ಕೊಡ ನೀರು ಸುರಿದು, ಕಸಬರಿಗೆಯಿಂದ ಗಟಾರಕ್ಕೆ ನೂಕಿದರೆ ಶುದ್ಧಿಯಾಯಿತೆಂದು ಭಾವಿಸುತ್ತಾರೆ. ಈ ನಿಯಮಕ್ಕೆ ಅಪವಾದಗಳುಂಟು. ಅದಿರಿನಿಂದ ಚಿನ್ನವನ್ನು ಬೇರ್ಪಡಿಸಲು ಬಳಸತಕ್ಕ ಪಾದರಸ ಮತ್ತು ಸೈನೈಡುಗಳು ಅವುಗಳಲ್ಲಿ ಮುಖ್ಯವಾದವು.

ಚಿನ್ನವು ನಮ್ಮ ಸೀಮೆಗೆ ಹೊಸದಲ್ಲ. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡುಹಿಡಿದ ಬೀಡನ್ ಎಂಬವನು ಚಿನ್ನವನ್ನು ಅರಸುತ್ತಿದ್ದ ಗಣಿ ಇಂಜಿನಿಯರನೇ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಪೂರ್ವಿಕರು ಅಗೆದ ಹಳೆಯ ಗಣಿಗಳಿದ್ದವು; 1947ರಲ್ಲಿ ಅಲ್ಲಿ ಆಧುನಿಕ ಗಣಿಗೆ ಕಂಪನಿಯು ಸ್ಥಾಪಿತವಾಯಿತು. ಆದರೆ ದೊಡ್ಡ ಗಣಿಗಿರುವ ಪ್ರಯೋಗಶಾಲೆಯೂ ಕಾವಲೂ ಸಣ್ಣ ಕಾರ್ಖಾನೆಗಳಿಗೆ ಇರುವುದಿಲ್ಲ. ಆಪತ್ತು ಅಲ್ಲಿಯೇ ಹೆಚ್ಚು.

ಮೊದಲು ಪಾದರಸದ ಮಾತು. ಪುಡಿಮಾಡಿದ ಅದಿರಿನೊಡನೆ ಕಲಸಿದರೆ ಅದು ಚಿನ್ನದ ಕಣಗಳನ್ನು ಹಿಡಿದುಕೊಳ್ಳುತ್ತದೆ. ಆ ಮಿಶ್ರಣವನ್ನು ಕಾಯಿಸಿದರೆ ಪಾದರಸವು ಆವಿಯಾಗಿ ಹೋಗಿ ಚಿನ್ನ ಉಳಿಯುತ್ತದೆ. ಹೋದ ಆವಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಉಸಿರಿನೊಡನೆ ಒಳಹೊಕ್ಕು ನರಗಳನ್ನು ಕೆಡಿಸುತ್ತದೆ. ಆದುದರಿಂದ ಅಡಿಗೆಯ ಒಲೆಯ ಮೇಲೆ ಇದನ್ನು ಎಂದಿಗೂ ಕಾಯಿಸತಕ್ಕದ್ದಲ್ಲ. ನೆಲಕ್ಕೆ ಚೆಲ್ಲಿದರೆ ಕಸಬರಿಗೆ ಹಚ್ಚಬಾರದು. ಹಚ್ಚಿದರೆ ಒಂದು ಹನಿಯು ನೂರಾಗಿ ಸಂದಿಗೊಂದಿಗಳನ್ನು ಸೇರುವುದು. ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆರೆದು, ಕೈಬೆರಳಿನ ಉಂಗುರವನ್ನು ತೆಗೆದಿಟ್ಟು, ದಪ್ಪ ಕಾಗದದ ಅಂಚಿನಿಂದ ಹನಿಗಳನ್ನು ಒಂದೆಡೆ ಕೂಡಿಸಿ, ಗಾಜಿನ ಸೀಸೆಗೆ ತುಂಬಿ ಬಿಗಿಯಾಗಿ ಮುಚ್ಚಬೇಕು. ಸಂದಿಯಲ್ಲಿ ಉಳಿದುದರ ಮೇಲೆ ಗಂಧಕದ ಪುಡಿ ಉದುರಿಸುವುದುಂಟು. ನಮ್ಮ ರಸಶಾಸ್ತ್ರಜ್ಞರು ಪಾದರಸವನ್ನು ಗಂಧಕದೊಡನೆ ಕಲ್ವದಲ್ಲಿ ಅರೆದು ಕಪ್ಪನೆಯ ಕಜ್ಜಲಿಯನ್ನು ಮಾಡುತ್ತಿದ್ದುದು ಇದೇ ಗುಣದಿಂದ. ಚಂಚಲವಾದ ರಸವನ್ನು ಗಂಧಕವು ಕಟ್ಟಿಹಾಕುತ್ತದೆ.

ಗಟಾರಕ್ಕೆ ಬಿಟ್ಟರೇನು, ಹರಿದುಹೋಗದೆ ಎನ್ನುವವರು ಜಪಾನಿನ ಮಿನಮಾಟವನ್ನು ನೆನೆಯಬೇಕು. ಕಾರ್ಖಾನೆಯೊಂದರ ನೀರಿನೊಡನೆ ಕೊಲ್ಲಿಗೆ ಸೇರಿದ ಪಾದರಸವು ಮೀನಿನ ಮೂಲಕ ಊಟದ ಎಲೆಗೇ ಮರಳಿತು. ಆ ವ್ಯಾಧಿಯು ಬೆಳಕಿಗೆ ಬಂದುದು 1956ರಲ್ಲಿ. ಅದೇ ಊರಿನ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದವು 2017ರಿಂದ ಜಾರಿಯಲ್ಲಿದೆ. ಸಮುದ್ರವೇ ತೊಳೆಯಲಾರದ್ದನ್ನು ನಮ್ಮ ಗಟಾರವು ತೊಳೆಯಬಲ್ಲುದೆ?

ಇನ್ನು ಸೈನೈಡ್. ಸ್ಕಾಟ್ಲೆಂಡಿನಲ್ಲಿ 1887ರಲ್ಲಿ ಕಂಡುಹಿಡಿದ ಕ್ರಮದಂತೆ, ಅದರ ತೆಳುವಾದ ದ್ರಾವಣವು ಗಾಳಿಯ ನೆರವಿನಿಂದ ಚಿನ್ನವನ್ನು ಕರಗಿಸುತ್ತದೆ. ದ್ರಾವಣದಲ್ಲಿ ಸುಣ್ಣ ಬೆರೆಸಿ ಕ್ಷಾರಗುಣವನ್ನು ಕಾಪಾಡಬೇಕು. ಆಮ್ಲ ತಗುಲಿದೊಡನೆ ಪ್ರಾಣಹಾರಿಯಾದ ಅನಿಲವು ಏಳುತ್ತದೆ. ಆದಕಾರಣ ಆಮ್ಲದ ಜಾಡಿಯನ್ನೂ ಸೈನೈಡಿನ ಡಬ್ಬಿಯನ್ನೂ ಒಂದೇ ಕೋಣೆಯಲ್ಲಿ ಇಡಲಾಗದು. ತೊಟ್ಟಿಯ ಸುತ್ತ ಸೋರದ ಕಟ್ಟೆಯಿರಬೇಕು. ತೊಟ್ಟಿಯಲ್ಲಿ ನೂರು ಕೊಡ ಹಿಡಿದರೆ ಕಟ್ಟೆಯೊಳಗೆ ನೂರಹತ್ತು ಕೊಡ ಹಿಡಿಯಬೇಕೆಂಬುದು ರೂಢಿಯ ಲೆಕ್ಕ. ಚೆಲ್ಲಿದಾಗ ಜನರನ್ನು ದೂರಮಾಡಿ, ಮರಳಿನ ಒಡ್ಡು ಹಾಕಿ ಇದ್ದಲ್ಲಿಯೇ ತಡೆದು, ತಿಳಿದವರನ್ನು ಕರೆಯಬೇಕು. ನೀರು ಹೊಯ್ದು ಹೊರಗೆ ಹರಿಸಬಾರದು.

ಒಡ್ಡು ಒಡೆದರೆ ಏನಾಗುವುದೆಂಬುದಕ್ಕೆ ರುಮೇನಿಯ ದೇಶವೇ ಸಾಕ್ಷಿ. 2000ದ ಜನವರಿ 30ರಂದು ಬಾಯಾ ಮಾರೆ ಎಂಬಲ್ಲಿ ಸುಮಾರು 1 ಲಕ್ಷ ಘನ ಮೀಟರ್ ಸೈನೈಡ್ ನೀರು ಹೊಳೆಗೆ ನುಗ್ಗಿ, ಟಿಸಾ ನದಿಯನ್ನೂ ಅಲ್ಲಿಂದ ಡ್ಯಾನ್ಯೂಬನ್ನೂ ಸೇರಿತು. ನೆರೆಯ ಹಂಗೆರಿಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಚಿನ್ನ ಒಬ್ಬರಿಗೆ, ವಿಷ ಇನ್ನೊಬ್ಬರಿಗೆ! ನಮ್ಮ ಕೃಷ್ಣೆಯೂ ಇಲ್ಲಿಗೆ ನಿಲ್ಲುವವಳಲ್ಲ. ತೆಲುಗು ನಾಡನ್ನು ದಾಟಿ ಸಮುದ್ರದವರೆಗೆ ಎಷ್ಟೋ ಊರುಗಳ ಕೊಡ ತುಂಬಿಸುವವಳು.

ಕಳೆದ ವರ್ಷ ನಮ್ಮ ಓಣಿಯ ಗೃಹಸ್ಥರೊಬ್ಬರು ಬಂದು, ಪರಊರಿನ ಇಂಥದೊಂದು ಸಣ್ಣ ಕಾರ್ಖಾನೆಯಲ್ಲಿ ಮಗನಿಗೆ ಕೆಲಸ ಸಿಕ್ಕಿದೆಯೆಂದು ತಿಳಿಸಿ, "ಮಾಸ್ತರ್ರೀ, ಹುಡುಗನ್ನ ಕಳಿಸ್ಲೋ ಬ್ಯಾಡೋ ಹೇಳ್ರಿ" ಎಂದು ಕೇಳಿದರು. ಸಂಬಳವೆಷ್ಟೆಂಬುದು ಅವರಿಗೆ ತಿಳಿದಿತ್ತು, ಕೆಲಸವೇನೆಂಬುದು ತಿಳಿದಿರಲಿಲ್ಲ. ನಾನು ಮೂರು ಪ್ರಶ್ನೆಗಳನ್ನು ಬರೆದುಕೊಟ್ಟೆನು: ತೊಟ್ಟಿಗೆ ಕಟ್ಟೆಯುಂಟೆ? ಆಮ್ಲಕ್ಕೆ ಬೇರೆ ಕೋಣೆಯುಂಟೆ? ರಾತ್ರಿಪಾಳಿಯಲ್ಲಿ ಹುಡುಗನ ಜೊತೆಗೆ ಮತ್ತೊಬ್ಬರುಂಟೆ? ಮಾಲೀಕರು ಮೊದಲನೆಯದಕ್ಕೆ ಉತ್ತರವಾಗಿ, "ಹಿಂದೆಯೇ ಹಳ್ಳವಿದೆ, ಚಿಂತೆಯಿಲ್ಲ" ಎಂದರಂತೆ. ಉಳಿದೆರಡನ್ನು ಕೇಳದೆಯೇ ತಂದೆಯು ಮಗನನ್ನು ಕರೆದುಕೊಂಡು ಮನೆಗೆ ಮರಳಿದರು.