ಅಡಿಕೆಯ ಕೊಳೆರೋಗ

ಮಲೆನಾಡಿನ ಅಡಿಕೆ ಬೆಳೆಗಾರರು ಆಷಾಢದ ಮಳೆಯನ್ನು ಬೇಡುವವರೂ ಹೌದು, ಅದಕ್ಕೆ ಅಂಜುವವರೂ ಹೌದು. ಬಿಡದೆ ಸುರಿಯುವ ಮಳೆಯ ನಡುವೆ ಬಿಸಿಲು ಇಣುಕಿತೆಂದರೆ ಗೊನೆಗೆ ಕೊಳೆ ತಗಲಿತೆಂದೇ ಅರ್ಥ. ತೊಟ್ಟಿನ ಬಳಿ ನೀರು ಹೀರಿದಂತಹ ಕಲೆ ಮೂಡುತ್ತದೆ, ಹಸಿಗಾಯಿಗಳು ಉದುರತೊಡಗುತ್ತವೆ, ಉದುರಿದ ಕಾಯಿಯನ್ನು ಬಿಳಿಯ ಬೂಷ್ಟು ಮುಸುಕುತ್ತದೆ. ಮಗಳ ಮದುವೆ, ಸೊಸೈಟಿಯ ಸಾಲ, ಮಕ್ಕಳ ಓದು ಎಲ್ಲವೂ ಆ ಗೊನೆಗಳನ್ನೇ ನಂಬಿರುವ ಮನೆಗಳನ್ನು ನಾವು ಬಲ್ಲೆವು.

ಔಷಧ ಬರುವ ಮೊದಲು ಗೊನೆಗೊನೆಗೂ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ಕಾಯುತ್ತಿದ್ದರೆಂದು ಹಿರಿಯರಿಂದ ನಾವು ಕೇಳಿದ್ದೇವೆ. ಕೆನಡಾ ದೇಶದಿಂದ ಬಂದು ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಭ್ಯಸಿಸಿ 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಕಾರಣ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ. ಇದನ್ನು ಶಿಲೀಂಧ್ರವೆಂದೇ ಕರೆಯುತ್ತ ಬಂದಿದ್ದರೂ ಇಂದಿನ ವಿಜ್ಞಾನಿಗಳು ಬೇರೊಂದು ಕುಲಕ್ಕೆ ಸೇರಿಸುತ್ತಾರೆ. ರೈತನಿಗೆ ಅದರಿಂದ ಆಗಬೇಕಾದುದೇನೂ ಇಲ್ಲ. ಇದರ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು ಎಂಬುದಷ್ಟೇ ಅವನು ತಿಳಿಯಬೇಕಾದುದು. ಹನಿಯಿಂದ ಹನಿಗೆ, ಗೊನೆಯಿಂದ ಗೊನೆಗೆ ಅವು ಸಾಗುತ್ತವೆ.

ಬೋರ್ಡೋ ದ್ರಾವಣದ ಹುಟ್ಟು ಸ್ವಾರಸ್ಯಕರವಾಗಿದೆ. ದಾರಿಹೋಕರು ಕದಿಯದಿರಲೆಂದು ಫ್ರಾನ್ಸಿನ ಬೋರ್ಡೋ ಸೀಮೆಯವರು ದಾರಿಬದಿಯ ದ್ರಾಕ್ಷಿಬಳ್ಳಿಗಳಿಗೆ ಮೈಲುತುತ್ತ, ಸುಣ್ಣಗಳನ್ನು ಎರಚುತ್ತಿದ್ದರು. ಆ ಬಳ್ಳಿಗಳಿಗೆ ಬೂಜುರೋಗ ತಗಲದುದನ್ನು ಮಿಲಾರ್ಡೆ ಎಂಬ ವಿದ್ವಾಂಸರು ಗಮನಿಸಿ, 1885ರಲ್ಲಿ ಲೋಕಕ್ಕೆ ಸಾರಿದರು. ಕಳ್ಳರಿಗಾಗಿ ಮಾಡಿದ್ದು ರೋಗಕ್ಕೆ ಮದ್ದಾಯಿತು!

ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಒಟ್ಟು 100 ಲೀಟರು ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಮೆಲ್ಲನೆ ಸುರಿದು ಕಲಕಬೇಕು. ಕಬ್ಬಿಣದ ಪಾತ್ರೆ ಸಲ್ಲದು. ಹೊಳೆಯುವ ಕತ್ತಿಯ ಅಲಗನ್ನು ಅದ್ದಿದಾಗ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ತಿಳಿಯಬೇಕು. ಮಾಡಿದ ದಿನವೇ ಸಿಂಪಡಿಸಿ ಮುಗಿಸಬೇಕು.

ಈ ಮದ್ದು ರೋಗವನ್ನು ತಡೆಯುತ್ತದೆಯೇ ಹೊರತು ಕೊಳೆತ ಕಾಯನ್ನು ಬದುಕಿಸುವುದಿಲ್ಲ. ಆದುದರಿಂದ ಮೃಗಶಿರಾ ಮಳೆ ಹಿಡಿಯುವ ಮೊದಲೇ ಒಮ್ಮೆ, 40–45 ದಿನಗಳ ನಂತರ ಮತ್ತೊಮ್ಮೆ ಹೊಡೆಯಬೇಕು. ಕಾಯಿ ಉದುರಿದ ಮೇಲೆ ಅಂಗಡಿಗೆ ಓಡುವವರನ್ನು ಕಂಡಾಗ ನಮಗೆ ಮರುಕವೆನಿಸುತ್ತದೆ. ಆದರೆ ಅವರನ್ನು ಸೋಮಾರಿಗಳೆಂದು ಹಳಿಯಲು ನಾವು ಸಿದ್ಧರಿಲ್ಲ. "ಅಯ್ಯನವರೇ, ಮದ್ದಿಗೆ ದುಡ್ಡು ಹೊಂದಿಸಿದೆ, ಮರ ಹತ್ತುವವರೇ ಸಿಗಲಿಲ್ಲ" ಎಂದು ಭಕ್ತರೊಬ್ಬರು ನಮ್ಮೆದುರು ಕಣ್ಣೀರು ಹಾಕಿದ್ದುಂಟು. ಪಾಚಿಗಟ್ಟಿದ ಮರದಿಂದ ಜಾರಿದರೆ ಹೋಗುವುದು ಕೊನೆಗಾರನ ಜೀವ. ಅವನು ಹಿಂಜರಿದರೆ ತಪ್ಪೇನು? ನೆಲದ ಮೇಲೆ ನಿಂತೇ ಸಿಂಪಡಿಸುವ ಕಾರ್ಬನ್ ಫೈಬರ್ ದೋಟಿಗಳು ಈಚೆಗೆ ಬಂದಿವೆ. ಬೆಲೆ ಹೆಚ್ಚು, ನಾಲ್ಕಾರು ಮನೆಯವರು ಕೂಡಿ ಕೊಂಡರೆ ಭಾರವಾಗದು.

ಉದುರಿದ ಕಾಯಿಗಳನ್ನು ಹೆಕ್ಕಿ ಸುಡುವ ಕೆಲಸಕ್ಕೆ ಮರ ಹತ್ತಬೇಕಾಗಿಲ್ಲ. ಬೇಲಿಯಾಚೆ ಪಕ್ಕದವರ ತೋಟದಲ್ಲಿ ಬಿದ್ದವನ್ನೂ, ಅವರನ್ನೊಂದು ಮಾತು ಕೇಳಿ, ಜೊತೆಗೇ ಆರಿಸುವುದು ಲೇಸು. ಅಲ್ಲಿಯ ಕೊಳೆ ಇಲ್ಲಿಗೆ ಬರಲು ಒಂದು ಗಾಳಿಮಳೆ ಸಾಕು.