ದೀಪಾಂಜಲಿ ನಗರದಿಂದ ಮೈಸೂರಿಗೆ ಜಿಪ್ಸಿಯ ಓಟ

ಬೆಂಗಳೂರಿನಿಂದ ಮೈಸೂರು ರಸ್ತೆ ಹಿಡಿದು ಹೊರಟವರಿಗೆ ದೀಪಾಂಜಲಿ ನಗರ ಊರಿನ ಹೊಸ್ತಿಲಿದ್ದಂತೆ. ಹತ್ತಿರದಲ್ಲೇ ಬಿಎಚ್‌ಇಎಲ್ ಕಾರ್ಖಾನೆ, ಬಿಎಂಟಿಸಿ ಬಸ್ ಡಿಪೊ. ತಲೆಯ ಮೇಲೆ 2015ರ ನವೆಂಬರ್‌ನಿಂದ ಓಡುತ್ತಿರುವ ಮೆಟ್ರೊ ರೈಲು. ಇದಕ್ಕೂ ತುಸು ಮೊದಲೇ ಸಿಗುತ್ತದೆ ಬ್ಯಾಟರಾಯನಪುರದ ಗಾಳಿ ಆಂಜನೇಯನ ಗುಡಿ. ಹೊಸ ಗಾಡಿ ಕೊಂಡವರು ಇಲ್ಲಿ ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಹೊರಡುವುದು ವಾಡಿಕೆ. ಗಾಳಿ ಆಂಜನೇಯನಿಗೆ ಕೈಮುಗಿದು ಹೊರಟವರಿಗೆ ಮುಂದೆ ಹೆದ್ದಾರಿಯಲ್ಲಿ ಎದುರಾಗುವುದೂ ಗಾಳಿಯೇ. ಅದರಲ್ಲೂ ಗಾಡಿ ಜಿಪ್ಸಿಯಂಥ ಪುಟ್ಟ ಫೋರ್‌ವೀಲ್ ಡ್ರೈವ್ ಆಗಿದ್ದು, ಅದಕ್ಕೆ ದೊಡ್ಡ ಟೈರು ತೊಡಿಸಿ ಎತ್ತರಿಸಿದ್ದರಂತೂ ಗಾಳಿಯ ಪಾಠ ಬೇಗನೆ ಕಲಿಯಬೇಕಾಗುತ್ತದೆ.

ರಜೆಯ ದಿನ ಬೆಳಗಿನ ಜಾವ ಈ ರಸ್ತೆಯಂಚಿನಲ್ಲಿ ನಿಂತವರಿಗೆ ಅಂಥ ಗಾಡಿಗಳು ಕಾಣುವುದುಂಟು. ಹುಬ್ಬಿನ ಗೆರೆಗಳಿರುವ ದಪ್ಪ ಟೈರು, ಮುಂದೆ ಕಬ್ಬಿಣದ ಬಂಪರು, ಮೇಲೆ ಸಾಮಾನಿನ ಕ್ಯಾರಿಯರ್. ಹೋಗುವುದು ಕೊಡಗಿಗೋ ಸಕಲೇಶಪುರದ ಕಡೆಗೋ. ನೋಡುವ ಹುಡುಗರ ಕಣ್ಣು ಅರಳುತ್ತದೆ. “ಅಪ್ಪಾ, ನಮಗೂ ಇಂಥದ್ದೊಂದು ತಗೊಳ್ಳೋಣ, ದೊಡ್ಡ ಟೈರು ಹಾಕಿಸೋಣ” ಎಂಬ ಬೇಡಿಕೆ ಮನೆಯಲ್ಲಿ ಏಳುತ್ತದೆ. ಅಪ್ಪ ಹೂಂ ಅನ್ನುವ ಮೊದಲು ಅಪ್ಪ ಮಗ ಇಬ್ಬರೂ ಕಾಗದ, ಪೆನ್ಸಿಲ್ಲು ಹಿಡಿದು ಕೂರುವುದು ಒಳ್ಳೆಯದು. ಇದಕ್ಕೆ ಬೇಕಾಗಿರುವುದು ಹೈಸ್ಕೂಲಿನ ಭೌತಶಾಸ್ತ್ರವಷ್ಟೇ.

ಕೆಸರಿಗೆ ಹುಟ್ಟಿದ ಗಾಡಿ

ಮಾರುತಿ ಜಿಪ್ಸಿ ನಮ್ಮ ದೇಶದ ರಸ್ತೆಗೆ ಇಳಿದದ್ದು 1985ರ ಕೊನೆಯಲ್ಲಿ. ಆಗ ಅದಕ್ಕಿದ್ದದ್ದು 970 ಸಿ.ಸಿ. ಎಂಜಿನ್, ಸುಮಾರು 45 ಅಶ್ವಶಕ್ತಿ, ನಾಲ್ಕು ಗೇರು. 1996ರಲ್ಲಿ ಬಂದ ಜಿಪ್ಸಿ ಕಿಂಗ್‌ಗೆ 1.3 ಲೀಟರ್ ಎಂಜಿನ್ ಸಿಕ್ಕಿ ಬಲ 60 ಅಶ್ವಶಕ್ತಿಗೆ ಏರಿತು. 2000ದ ಸುಮಾರಿಗೆ ಎಂಪಿಎಫ್‌ಐ ಇಂಧನ ವ್ಯವಸ್ಥೆ ಬಂದು 80ಕ್ಕೆ ಮುಟ್ಟಿತು. ಸೇನೆ, ಪೊಲೀಸು, ಅರಣ್ಯ ಇಲಾಖೆ, ಕಾಫಿ ತೋಟ ಎಲ್ಲ ಕಡೆಯೂ ಅದು ದುಡಿಯಿತು. ನಾಗರಹೊಳೆ, ಬಂಡೀಪುರದಲ್ಲಿ ಕಾಡು ನೋಡಿದವರಿಗೆ ಅದರ ಬೆನ್ನಿನ ಪರಿಚಯ ಇದ್ದೇ ಇರುತ್ತದೆ. ಜನಸಾಮಾನ್ಯರಿಗೆ ಅದರ ಮಾರಾಟ 2010ರ ದಶಕದ ಕೊನೆಗೆ ನಿಂತುಹೋಯಿತು. ಅದೇ ವಂಶದ ಜಿಮ್ನಿ 2023ರ ಜೂನ್‌ನಲ್ಲಿ ಬಂತು. ಇದಕ್ಕೆ 1.5 ಲೀಟರ್ ಎಂಜಿನ್, ನೂರಕ್ಕೂ ಸ್ವಲ್ಪ ಹೆಚ್ಚು ಅಶ್ವಶಕ್ತಿ.

ಈ ಗಾಡಿಗಳ ಮೈಕಟ್ಟನ್ನು ಗಮನಿಸಬೇಕು. ಕೆಳಗೆ ಏಣಿಯಂಥ ಉಕ್ಕಿನ ಚೌಕಟ್ಟು, ಅದರ ಮೇಲೆ ಪೆಟ್ಟಿಗೆಯಂಥ ದೇಹ. ಜಿಪ್ಸಿಯ ಮುಂದೆಯೂ ಹಿಂದೆಯೂ ಎತ್ತಿನಗಾಡಿಯಷ್ಟು ಗಟ್ಟಿ ಆಕ್ಸಲ್, ಅದರ ಮೇಲೆ ಲೀಫ್ ಸ್ಪ್ರಿಂಗು. ನೆಲಕ್ಕೂ ಹೊಟ್ಟೆಗೂ ನಡುವೆ ಒಂದು ಗೇಣಿನಷ್ಟು ಜಾಗ. ಇವೆಲ್ಲ ಕಲ್ಲು, ಕೆಸರು, ಹಳ್ಳ ದಾಟಲು ಮಾಡಿದ ಏರ್ಪಾಟು. ಡಾಂಬರು ರಸ್ತೆಯಲ್ಲಿ ನೂರರ ವೇಗದಲ್ಲಿ ತಾಸುಗಟ್ಟಲೆ ಓಡುವುದು ಇದರ ಮುಖ್ಯ ಕಸುಬಾಗಿರಲಿಲ್ಲ.

ಕೆಂಗೇರಿ ದಾಟಿದ ಮೇಲೆ

ದೀಪಾಂಜಲಿ ನಗರದಿಂದ ನಾಯಂಡಹಳ್ಳಿ, ಕೆಂಗೇರಿಯವರೆಗೆ ಗಾಡಿಯ ಗುಣದೋಷ ಗೊತ್ತಾಗುವುದೇ ಇಲ್ಲ. ದಟ್ಟಣೆಯಲ್ಲಿ ಎಲ್ಲ ಗಾಡಿಯೂ ಒಂದೇ. ಕುಂಬಳಗೋಡಿನ ಬಳಿ ಷಟ್ಪಥ ಹೆದ್ದಾರಿ ತೆರೆದುಕೊಂಡಾಗಲೇ ಪರೀಕ್ಷೆ ಆರಂಭ. 118 ಕಿ.ಮೀ. ಉದ್ದದ ಈ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾದದ್ದು 2023ರ ಮಾರ್ಚ್ 12ರಂದು. ಅಪಘಾತಗಳು ಹೆಚ್ಚಿದ ಮೇಲೆ ಅದೇ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ಹೊರಗಿಟ್ಟರು. ಕಾರುಗಳಿಗೆ ಗಂಟೆಗೆ 100 ಕಿ.ಮೀ. ಮಿತಿ; ಮೀರಿದವರನ್ನು ಹಿಡಿಯಲು ಕ್ಯಾಮೆರಾ ಇದೆ.

ಇಲ್ಲಿ ಮೊದಲು ನೋಡಬೇಕಾದದ್ದು ಗೇರಿನ ಪಕ್ಕದ ಚಿಕ್ಕ ಲಿವರನ್ನು. ಅದು ಎರಡು ಚಕ್ರದ ಸ್ಥಾನದಲ್ಲೇ ಇರಬೇಕು. “ನಾಲ್ಕೂ ಚಕ್ರ ಎಳೆದರೆ ಹಿಡಿತ ಹೆಚ್ಚಲ್ಲವೇ?” ಎಂದು ವಿದ್ಯಾರ್ಥಿಗಳು ಕೇಳಬಹುದು. ಕೆಸರಿನಲ್ಲಿ ಹೌದು. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಸವೆಸುವ ದಾರಿ ಹಿಂದಿನವುಗಳಿಗಿಂತ ಉದ್ದ. ಈ ಗಾಡಿಗಳಲ್ಲಿ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ನಡುವೆ ಆ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಇಲ್ಲ. ಕೆಸರಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಲೆಕ್ಕ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ಜಾಗವಿಲ್ಲದೆ ಗೇರುಗಳು ಬಿಗಿದುಕೊಂಡು ಸವೆಯುತ್ತವೆ, ಸ್ಟೀರಿಂಗ್ ಮೊಂಡು ಹಿಡಿಯುತ್ತದೆ.

ರಾಮನಗರದ ಗಾಳಿ

ಬಿಡದಿ ದಾಟಿ ರಾಮನಗರದ ಬೆಟ್ಟಗಳು ಕಾಣುವ ಹೊತ್ತಿಗೆ ವೇಗ ಏರಿರುತ್ತದೆ. ಜಿಪ್ಸಿಯೊಳಗೆ ಕೂತವರಿಗೆ ಗಾಳಿಯ ಸದ್ದು ಎಂಜಿನ್ನಿನ ಸದ್ದನ್ನು ಮೀರಿಸುತ್ತದೆ. ಸೈಕಲ್ ತುಳಿಯುವಾಗ ಛತ್ರಿಯನ್ನು ಎದುರಿಗೆ ಬಿಚ್ಚಿ ಹಿಡಿದರೆ ಏನಾಗುತ್ತದೋ, ನೆಟ್ಟಗಿನ ಗಾಜು ಮತ್ತು ಚೌಕ ಮೂತಿಯಿರುವ ಗಾಡಿಗೆ ಆಗುವುದೂ ಅದೇ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಅದನ್ನು ಎದುರಿಸಲು ಬೇಕಾಗುವ ಎಂಜಿನ್ ಬಲ ಎಂಟು ಪಟ್ಟು.

ಒಂದು ಅಂದಾಜು ಲೆಕ್ಕ ಹಾಕಬಹುದು. ಗಾಡಿಯ ಎದುರು ಮೈ 2.4 ಚದರ ಮೀಟರ್, ತಡೆಯ ಗುಣಾಂಕ 0.5, ಜನ ಸಮೇತ ತೂಕ 1,200 ಕೆ.ಜಿ. ಎಂದಿಟ್ಟುಕೊಳ್ಳೋಣ. ಗಾಳಿ ಮತ್ತು ಟೈರಿನ ಉಜ್ಜಾಟ ಎರಡನ್ನೂ ಸೇರಿಸಿದರೆ ಚಕ್ರದ ಬಳಿ ಬೇಕಾಗುವ ಬಲ 80 ಕಿ.ಮೀ. ವೇಗಕ್ಕೆ ಸುಮಾರು 15 ಅಶ್ವಶಕ್ತಿ, 100ಕ್ಕೆ ಸುಮಾರು 26, 120ಕ್ಕೆ ಸುಮಾರು 41. ವೇಗ ಒಂದೂವರೆ ಪಟ್ಟು ಆದಾಗ ಬಲ ಎರಡೂವರೆ ಪಟ್ಟನ್ನೂ ಮೀರಿತು ನೋಡಿ.

ಇನ್ನು ಎಂಜಿನ್ ಕೊಡುವುದೆಷ್ಟು? ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿ ಗಾಳಿ ಸುಮಾರು ಶೇ 10ರಷ್ಟು ವಿರಳ, ಹಾಗಾಗಿ ಸಾಮಾನ್ಯ ಪೆಟ್ರೋಲ್ ಎಂಜಿನ್ನಿನ ಬಲವೂ ಅಷ್ಟೇ ಕಡಿಮೆ. ಗೇರು, ಆಕ್ಸಲುಗಳ ಉಜ್ಜಾಟಕ್ಕೆ ಇನ್ನೂ ಶೇ 15 ಕಳೆಯಿರಿ. ಹಳೆಯ ಜಿಪ್ಸಿಯ 45 ಅಶ್ವಶಕ್ತಿಯಲ್ಲಿ ಚಕ್ರಕ್ಕೆ ತಲುಪುವುದು 34ರ ಆಸುಪಾಸು, ಅದೂ ಎಂಜಿನ್ ಪೂರ್ತಿ ಅರಚುವಾಗ. ನೂರರ ವೇಗದಲ್ಲಿ ಅದರ ಮುಕ್ಕಾಲು ಪಾಲು ಆಗಲೇ ಖರ್ಚು. ಲಾರಿಯನ್ನು ದಾಟಲು, ಮೇಲ್ಸೇತುವೆ ಏರಲು ಉಳಿಯುವುದು ಅತ್ಯಲ್ಪ. ಎಂಬತ್ತರಲ್ಲಾದರೆ ಅರ್ಧಕ್ಕಿಂತ ಹೆಚ್ಚು ಕೈಯಲ್ಲಿರುತ್ತದೆ. ಮೇಲಿನ ಕ್ಯಾರಿಯರ್, ಎದುರಿನ ದೀಪಗಳ ಸಾಲು, ಪಟಪಟ ಬಡಿಯುವ ಬಟ್ಟೆಯ ಹೊದಿಕೆ ಇವೆಲ್ಲ ಗಾಳಿಗೆ ಕೊಡುವ ಹೆಚ್ಚುವರಿ ಸುಂಕ.

ಸುಳ್ಳು ಹೇಳುವ ಮೀಟರು

ಚನ್ನಪಟ್ಟಣ, ಮದ್ದೂರಿನ ನೇರ ದಾರಿಯಲ್ಲಿ ದೊಡ್ಡ ಟೈರಿನ ಕಥೆ ಬಿಚ್ಚಿಕೊಳ್ಳುತ್ತದೆ. ಜಿಪ್ಸಿ ಕಿಂಗ್‌ನ 205/70 ಆರ್ 15 ಟೈರಿನ ವ್ಯಾಸ ಲೆಕ್ಕದಲ್ಲಿ 668 ಮಿ.ಮೀ. ಆಸೆಪಟ್ಟು ಹಾಕಿಸುವ 235/75 ಆರ್ 15 ಟೈರಿನದು ಸುಮಾರು 733 ಮಿ.ಮೀ. ಚಕ್ರ ಒಂದು ಸುತ್ತು ಸುತ್ತಿದರೆ ಹಳೆಯದು 2.1 ಮೀಟರ್ ಸಾಗುತ್ತಿತ್ತು, ಹೊಸದು 2.3 ಮೀಟರ್ ಸಾಗುತ್ತದೆ. ಪಾಪ, ಮೀಟರಿಗೆ ಗೊತ್ತಿರುವುದು ಸುತ್ತಿನ ಎಣಿಕೆ ಮಾತ್ರ. ಮೊದಲು ಸರಿಯಾಗಿದ್ದ ಮೀಟರು ಈಗ 100 ಎಂದು ತೋರಿಸುವಾಗ ಗಾಡಿ ನಿಜವಾಗಿ ಓಡುತ್ತಿರುವುದು ಸುಮಾರು 110ರಲ್ಲಿ. ಕ್ಯಾಮೆರಾ ಅಳೆಯುವುದು ನಿಜವಾದ ವೇಗವನ್ನು. 118 ಕಿ.ಮೀ. ಹೆದ್ದಾರಿ ಮುಗಿಸಿದಾಗ ಮೀಟರಿನಲ್ಲಿ 108 ಕಿ.ಮೀ. ಕೂಡ ಆಗಿರುವುದಿಲ್ಲ. ಮಕ್ಕಳು ಕಿಲೋಮೀಟರ್ ಕಲ್ಲುಗಳನ್ನು ನೋಡಿಕೊಂಡು ಇದನ್ನು ತಾಳೆ ಹಾಕಬಹುದು.

ದೊಡ್ಡ ಚಕ್ರವೆಂದರೆ ಉದ್ದದ ಸನ್ನೆಗೋಲು ಕೂಡ. ಅದೇ ಎಂಜಿನ್ನಿನ ತಿರುಚುಬಲ ನೆಲಕ್ಕೆ ತಲುಪುವಾಗ ಶೇ 9ರಷ್ಟು ಕುಗ್ಗುತ್ತದೆ. ಟಾಪ್ ಗೇರಿನಲ್ಲಿ ಎಂಜಿನ್ನಿನ ಸುತ್ತು ಕಡಿಮೆಯಾಗಿ ಆರಾಮ ಎನಿಸಿದರೂ, ಸಣ್ಣ ಏರು ಬಂದೊಡನೆ ಕೆಳಗಿನ ಗೇರಿಗೆ ಇಳಿಯಬೇಕು. ಇದನ್ನು ಸರಿಪಡಿಸಲು ಗೇರಿನ ಅನುಪಾತವನ್ನೇ ಬದಲಿಸುವವರಿದ್ದಾರೆ. ಆದರೆ ಬ್ರೇಕಿಗೆ ಬಿದ್ದ ಹೊರೆ ಹಾಗೆಯೇ ಉಳಿಯುತ್ತದೆ. ಪೆಡಲನ್ನು ಅಷ್ಟೇ ಒತ್ತಿದರೆ ತಡೆಯುವ ಬಲವೂ ಶೇ 9ರಷ್ಟು ಕಡಿಮೆ. ಭಾರದ ಟೈರು ಸುತ್ತುತ್ತಿದ್ದರೆ ನಿಲ್ಲಿಸುವುದು ಇನ್ನೂ ಕಷ್ಟ.

ಒಳ್ಳೆಯ ಬ್ರೇಕು, ಒಣ ರಸ್ತೆ ಇದ್ದರೂ 80ರ ವೇಗದಿಂದ ನಿಲ್ಲಲು, ಚಾಲಕ ಎಚ್ಚೆತ್ತುಕೊಳ್ಳುವ ಒಂದು ಸೆಕೆಂಡ್ ಸೇರಿ, ಸುಮಾರು 63 ಮೀಟರ್ ಬೇಕು. 100ರಿಂದ ನಿಲ್ಲಲು ಸುಮಾರು 92 ಮೀಟರ್. ಈ 29 ಮೀಟರಿನ ಅಂತರದಲ್ಲಿ ಒಂದು ಮನುಷ್ಯಜೀವ ಇದ್ದಿರಬಹುದು.

ಎತ್ತರದ ಬೆಲೆ

ಮಂಡ್ಯದ ಬೈಪಾಸಿನಲ್ಲಿ ಮುಂದಿನ ಕಾರು ಥಟ್ಟನೆ ಅಡ್ಡ ಬಂದಿತೆನ್ನಿ. ಚಾಲಕ ಸ್ಟೀರಿಂಗನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಳೆಯುತ್ತಾನೆ. ತಗ್ಗಿನ ಕಾರಾದರೆ ಜಾರಬಹುದು. ಎತ್ತರದ ಗಾಡಿ ಮಗುಚಬಹುದು. ಇದನ್ನು ಅಳೆಯಲು ಸರಳ ಸೂತ್ರವಿದೆ. ಎಡ ಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಬೇಕು. ಬಂದ ಸಂಖ್ಯೆ ದೊಡ್ಡದಾದಷ್ಟೂ ಗಾಡಿ ಗಟ್ಟಿ. ಜಿಪ್ಸಿಯ ಚಕ್ರಾಂತರ ಸುಮಾರು 130 ಸೆಂ.ಮೀ. ಗುರುತ್ವಕೇಂದ್ರ 65 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಂಡರೆ ಉತ್ತರ 1. ಸ್ಪ್ರಿಂಗು, ಟೈರುಗಳಿಂದ ಅದು 10 ಸೆಂ.ಮೀ. ಏರಿದರೆ ಉತ್ತರ 0.87. ನೋಡಲು ಸಣ್ಣ ವ್ಯತ್ಯಾಸ. ತಿರುವಿನಲ್ಲಿ ಮಾತ್ರ ಅದು ಸಣ್ಣದಲ್ಲ. ಮೇಲಿನ ಕ್ಯಾರಿಯರಿನಲ್ಲಿ ಸಾಮಾನು ಪೇರಿಸಿದರೆ ಇನ್ನೂ ಕೆಳಗಿಳಿಯುತ್ತದೆ.

ಈ ಚರ್ಚೆ ಹೊಸದಲ್ಲ. ಜಿಪ್ಸಿಯ ಸೋದರನಾದ, ಅದಕ್ಕಿಂತಲೂ ಗಿಡ್ಡ ಗಾಡಿ ಸುಜುಕಿ ಸಮುರಾಯ್ ಅಮೆರಿಕದಲ್ಲಿ ಮಾರಾಟದಲ್ಲಿದ್ದಾಗ, ಥಟ್ಟನೆ ತಿರುಗಿಸಿದರೆ ಅದು ಮಗುಚುವ ಅಪಾಯವಿದೆ ಎಂದು ಅಲ್ಲಿನ ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆ 1988ರಲ್ಲಿ ಸಾರಿತು. ಕಂಪನಿ ಅದನ್ನು ಒಪ್ಪದೆ 1996ರಲ್ಲಿ ನ್ಯಾಯಾಲಯಕ್ಕೆ ಹೋಯಿತು. 2004ರಲ್ಲಿ ಇಬ್ಬರೂ ರಾಜಿಯಾದರು. ಆ ಜಗಳದಲ್ಲಿ ಯಾರು ಸರಿ ಎಂಬುದು ಬೇರೆ ಮಾತು; ಎತ್ತರ ಮತ್ತು ಅಗಲದ ಲೆಕ್ಕ ಯಾವ ರಾಜಿಗೂ ಬಗ್ಗುವುದಿಲ್ಲ. ಅಮೆರಿಕದ ಸರ್ಕಾರ 2001ರಿಂದ ಕಾರುಗಳಿಗೆ ಮಗುಚುವಿಕೆಯ ಅಂಕ ಕೊಡತೊಡಗಿದ್ದು ಇದೇ ಸೂತ್ರದಿಂದ.

ಕಾನೂನಿನ ಮಾತೂ ಇದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಎತ್ತಿಹಿಡಿದು ಹೇಳಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಿದೆ. ಹದಿನೈದು ವರ್ಷ ದಾಟಿದ ಹಳೆಯ ಜಿಪ್ಸಿಯ ನೋಂದಣಿ ನವೀಕರಿಸಲು ಆರ್‌ಟಿಒ ಮುಂದೆ ನಿಲ್ಲಿಸಿದಾಗ, ಗ್ಯಾರೇಜಿನಲ್ಲಿ ಮಾಡಿಸಿದ ಅಲಂಕಾರವೇ ಮುಳುವಾಗಬಹುದು.

ಹದಿನೆಂಟು ನಿಮಿಷ

ಹಾಗಾದರೆ ಪುಟ್ಟ ಫೋರ್‌ವೀಲ್ ಡ್ರೈವ್ ಹೆದ್ದಾರಿಗೆ ಬಾರದ ಗಾಡಿಯೇ? ಖಂಡಿತ ಅಲ್ಲ. ಟೈರು ಕಂಪನಿಯ ಅಳತೆಯದೇ ಇದ್ದು, ಗಾಳಿಯ ಒತ್ತಡ ಸರಿಯಿದ್ದು, ಸಾಮಾನು ಗಾಡಿಯ ಒಳಗೆ ತಗ್ಗಿನಲ್ಲಿದ್ದು, ಎಲ್ಲರೂ ಬೆಲ್ಟ್ ಹಾಕಿಕೊಂಡಿದ್ದರೆ ಅದು ಎಪ್ಪತ್ತು ಎಂಬತ್ತರಲ್ಲಿ ಎಡ ಪಥ ಹಿಡಿದು ತಕರಾರಿಲ್ಲದೆ ಓಡುತ್ತದೆ. ಎಂಜಿನ್ನಿನಲ್ಲಿ ಬಲ ಉಳಿದಿರುತ್ತದೆ, ಬ್ರೇಕಿಗೆ ಜಾಗ ಉಳಿದಿರುತ್ತದೆ, ಒಳಗಿದ್ದವರ ಮಾತು ಒಬ್ಬರಿಗೊಬ್ಬರಿಗೆ ಕೇಳಿಸುತ್ತದೆ.

ಕೊನೆಯ ಲೆಕ್ಕ ಮನೆಮಂದಿಯೆಲ್ಲ ಮಾಡಬೇಕಾದದ್ದು. 118 ಕಿ.ಮೀ. ದಾರಿಯನ್ನು 100ರ ವೇಗದಲ್ಲಿ ಕ್ರಮಿಸಲು 71 ನಿಮಿಷ, 80ರಲ್ಲಿ 89 ನಿಮಿಷ. ಉಳಿಯುವುದು ಹದಿನೆಂಟೇ ನಿಮಿಷ. ಅಷ್ಟಕ್ಕಾಗಿ ಪ್ರತಿ ಕಿಲೋಮೀಟರಿಗೂ ಚಕ್ರದ ಬಳಿ ಮೂರನೇ ಒಂದು ಪಾಲಿಗಿಂತ ಹೆಚ್ಚಿನ ಶಕ್ತಿ ಸುರಿಯಬೇಕು, ಮೇಲೆ ಆ 29 ಮೀಟರನ್ನೂ ಬಿಟ್ಟುಕೊಡಬೇಕು. ಮದ್ದೂರಿನಲ್ಲಿ ಗಾಡಿ ನಿಲ್ಲಿಸಿ ವಡೆ ತಿಂದು ಕಾಫಿ ಕುಡಿಯಲೂ ಇಷ್ಟೇ ಹೊತ್ತು ಹಿಡಿಯುತ್ತದೆ.

ಮೈಸೂರು ದಾಟಿ, ಹುಣಸೂರಿನ ಮೇಲೆ ಹಾದು, ಕೊಡಗಿನ ತೋಟದ ಮಣ್ಣುದಾರಿ ಸಿಕ್ಕಾಗ ಆ ಚಿಕ್ಕ ಲಿವರನ್ನು ಎಳೆಯಬಹುದು. ಅಲ್ಲಿ ವೇಗ ಹತ್ತು, ಹದಿನೈದು. ಮಳೆಗೆ ಕೊಚ್ಚಿದ ಏರನ್ನು, ದೊಡ್ಡ ಕಾರುಗಳು ಹಿಂದಿರುಗಿದ ಜಾಗವನ್ನು, ಈ ಹಗುರ ಗಾಡಿ ತನ್ನ ಮೂಲ ಟೈರಿನಲ್ಲೇ ಹತ್ತುತ್ತದೆ.